ಹೆಜ್ಜೆ ಹಿಡಿದವಳು

ಎಂಟೊಟೊ ಬೆಟ್ಟದ ನೀಲಗಿರಿ ಕಾಡಿನಲ್ಲಿ ಒಬ್ಬರೇ ಓಡುವುದು ಒಬ್ಬರೇ ಕೂತು ಉಂಡಷ್ಟೇ ನಾಚಿಕೆಗೇಡಿನ ಕೆಲಸ. ಸಾಲಾಗಿ ಓಡಬೇಕು, ಮುಂದಿನವರ ಹೆಜ್ಜೆಯ ಮೇಲೆ ಹೆಜ್ಜೆ ಇಡಬೇಕು. ಬಟ್ಟೆ ಅಂಗಡಿಯ ಯೆಶಿಮೆಬೆತ್ ಈ ಸಾಲಿಗೆ ಸೇರಿದ್ದು ನಲವತ್ತು ದಾಟಿದ ಮೇಲೆ. ಪದಕದ ಆಸೆಯವರು ಬೇರೆ, ಅವರು ನಸುಕಿನಲ್ಲೇ ಕಣ್ಮರೆಯಾಗುತ್ತಾರೆ. ಇವಳ ಸಾಲಿನಲ್ಲಿ ಇದ್ದದ್ದು ದರ್ಜಿಗಳು, ಬೇಕರಿಯವನು, ಬೊಜ್ಜು ಕರಗಿಸಲು ಬಂದ ಗುಮಾಸ್ತ. ಹಿಂದೆ ಶಾಲೆಯಲ್ಲಿ ಆಟದ ಮೇಷ್ಟ್ರಾಗಿದ್ದ ಮೊಲ್ಲಾ ಇವರೆಲ್ಲರ ಗುರು; ಹಿರಿಯಣ್ಣ ಎಂಬ ಅರ್ಥದಲ್ಲಿ ಎಲ್ಲರೂ ಆತನನ್ನು ಗಾಶೆ ಎನ್ನುತ್ತಿದ್ದರು. ವಾರದ ಓಟವನ್ನು ಆತ ಹೆಚ್ಚಿಸುತ್ತಿದ್ದುದು ಚಿಟಿಕೆ ಚಿಟಿಕೆಯಾಗಿ.

"ಉಪ್ಪು ಒಂದೇ ಸಲ ಸುರಿದ್ರೆ ಸಾರು ಕೆಡತ್ತೆ, ಓಟ ಸುರಿದ್ರೆ ಮೊಣಕಾಲು ಕೆಡತ್ತೆ. ಈ ವಾರ ಚರ್ಚಿನವರೆಗೆ, ಮುಂದಿನ ವಾರ ಅದರಾಚೆ ಹಳ್ಳದವರೆಗೆ. ಅವಸರ ಇದ್ದೋರು ಟ್ಯಾಕ್ಸಿ ಹತ್ತಿ."

ದೊಡ್ಡ ಉಪವಾಸ ಮುಗಿಯುವ ಹಬ್ಬದ ಮರುವಾರ ಊರಿನಲ್ಲಿ ದೊಡ್ಡ ಓಟವಿತ್ತು. ಅದರಲ್ಲಿ ಸಾಲಿನ ಮುಂದೆ ಓಡುವವಳು ಯೆಶಿಮೆಬೆತ್ ಎಂದು ಗಾಶೆ ಮೊಲ್ಲಾ ಹೇಳಿಯಾಗಿತ್ತು. ಮಕ್ಕಳಿಲ್ಲದ ಮನೆ ಅವಳದು. ಎರಡು ಸಲ ಬಸಿರು ನಿಂತು, ಎರಡು ಸಲವೂ ಇಳಿದುಹೋಗಿತ್ತು. ತನ್ನದು ಅಂತ ಅವಳ ಪಾಲಿಗೆ ಉಳಿದದ್ದು ಈ ಮುಂದಿನ ಜಾಗ ಒಂದೇ.

ದೊಡ್ಡ ಉಪವಾಸ ಶುರುವಾದ ಮೇಲೆ ಅವಳ ಕಾಲು ಭಾರವಾಗತೊಡಗಿತು. ಮಾಂಸ, ಹಾಲು, ಮೊಟ್ಟೆ ಯಾವುದನ್ನೂ ಮುಟ್ಟದ ದಿನಗಳು ಅವು. ಹಾಗೆಂದು ಉಪವಾಸ ಅವಳಿಗೆ ಹೊಸದೇನಲ್ಲ. ಆದರೂ ಹಳ್ಳದ ಏರಿನಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು. ಅವಳ ಬೆನ್ನ ಹಿಂದೆಯೇ ಓಡುತ್ತಿದ್ದ ಸಿಗೆರೆದಾ ಮಾತ್ರ ಹೂವಿನ ಹಾಗೆ ಹಗುರಾಗಿದ್ದಳು. ಇಬ್ಬರೂ ಲಂಗ ಹಾಕುತ್ತಿದ್ದ ಕಾಲದಿಂದ ಗೆಳತಿಯರು. ಒಬ್ಬರ ಹೆಜ್ಜೆ ಹಿಡಿದು ಅವರ ಶಕ್ತಿ ಹೀರುವವರು ಇದ್ದಾರೆ ಎಂದು ಕಾಡಿನಲ್ಲಿ ಓಡುವವರೆಲ್ಲ ಪಿಸುಗುಟ್ಟುತ್ತಾರೆ. ಯೆಶಿಮೆಬೆತ್ ಅದನ್ನು ಮೊದಲು ನಕ್ಕು ಬಿಟ್ಟಿದ್ದಳು, ಆಮೇಲೆ ನಗು ಬರಲಿಲ್ಲ.

"ರಾತ್ರಿ ನಿದ್ದೆ ಬರತ್ತೇನೇ?" ಎಂದು ಸಿಗೆರೆದಾ ಒಂದು ಬೆಳಿಗ್ಗೆ ಕೇಳಿದಳು. "ಕಾಫಿ ವಾಸನೆ ಆಗ್ತಿಲ್ವಾ? ಬಾಯಿಗೆ ಹುಳಿ ಬರತ್ತಾ?"

"ನಿಂಗ್ಯಾಕೆ ಅದೆಲ್ಲ?"

"ಸುಮ್ನೆ."

ಸುಮ್ಮನೆ ಯಾರು ಕೇಳುತ್ತಾರೆ? ಗಾಯಕ್ಕೆ ಔಷಧಿ ಹಚ್ಚಲು ಕೇಳಿದ್ದೋ, ಗಾಯದ ಆಳ ನೋಡಲು ಕೇಳಿದ್ದೋ? ಇಬ್ಬರ ಪಾಪನಿವೇದನೆಯನ್ನೂ ಕೇಳುವ ಚರ್ಚಿನ ಪಾದ್ರಿ ಒಬ್ಬರೇ, ಅವರನ್ನು ಅಬ್ಬಾ ಎನ್ನುತ್ತಾರೆ. ಸಿಗೆರೆದಾ ಅವರ ಮನೆಯಿಂದ ತಲೆ ತಗ್ಗಿಸಿಕೊಂಡು ಬರುವುದನ್ನು ಯೆಶಿಮೆಬೆತ್ ನೋಡಿದಳು. ಪಾಪ ಮಾಡಿದವಳಿಗಲ್ಲವೇ ಅಬ್ಬಾನ ಬಾಗಿಲು ಬೇಕಾಗುವುದು! ಸಂಶಯಕ್ಕೆ ಒಂದು ಕಾಳು ಸಿಕ್ಕರೆ ಸಾಕು, ಕಣಜ ತಾನೇ ತುಂಬಿಕೊಳ್ಳುತ್ತದೆ.

ಶನಿವಾರ ಓಟ ಮತ್ತೆ ಒಂದು ಚಿಟಿಕೆ ಹೆಚ್ಚಾಯಿತು. ಚರ್ಚು ದಾಟಿದ ಮೇಲೆ ಹಿಂದಿನಿಂದ ವಾಸನೆಯೊಂದು ಬಂತು. ಬೇಯಿಸಿದ ಮೊಟ್ಟೆ! ತಿರುಗಿ ನೋಡಿದರೆ ಸಿಗೆರೆದಾಳ ಜಾಕೆಟ್ಟಿನ ಜೇಬು ಉಬ್ಬಿದೆ.

ಯೆಶಿಮೆಬೆತ್ ನಿಂತೇಬಿಟ್ಟಳು. ಸಾಲಿನವರು ಒಬ್ಬರ ಮೇಲೊಬ್ಬರು ಮುಗ್ಗರಿಸಿ ನಿಂತರು. ಅವಳು ಜೇಬಿಗೆ ಕೈ ಹಾಕಿ ಮೊಟ್ಟೆ ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡಿ ಗಾಶೆ! ನಾವು ಬರೀ ಬೇಳೆ ನೀರು ಕುಡಿದು ಸಾಯ್ತಿದೀವಿ, ಇವಳು ಕದ್ದು ಮೊಟ್ಟೆ ತಿಂದು ಹಾರ್ತಿದಾಳೆ. ಸಾಲದು ಅಂತ ನನ್ನ ಹೆಜ್ಜೆ ಹಿಡಿದು ನನ್ನ ಶಕ್ತೀನೂ ಕುಡೀತಾಳೆ!"

ಗಂಡಸರು ಶೂ ದಾರ ನೋಡಿಕೊಳ್ಳುತ್ತ ನಿಂತರು. ಸಿಗೆರೆದಾಳ ಮುಖ ಕೆಂಪೇರಿತು. ಗೆಳತಿಯ ರಟ್ಟೆ ಹಿಡಿದು ಮರಗಳ ಮರೆಗೆ ದರದರ ಎಳೆದುಕೊಂಡು ಹೋದಳು.

"ಮುಟ್ಟು ನಿಂತು ಎಷ್ಟು ದಿನ ಆಯ್ತೇ ನಿಂಗೆ?"

"ಓಟ ಜಾಸ್ತಿ ಆದ್ರೆ ನಿಲ್ಲತ್ತೆ. ಓಡೋ ಹೆಂಗಸರಿಗೆಲ್ಲ ಗೊತ್ತಿರೋದೇ. ಅದಕ್ಕೂ ಇದಕ್ಕೂ ಏನು?"

"ದಡ್ಡಿ! ಪದಕ ಗೆಲ್ಲೋರಿಗೆ ನಿಲ್ಲತ್ತೆ. ನಿನ್ನ ಆಮೆ ಓಟಕ್ಕೆ ನಿಲ್ಲತ್ತಾ? ಮೊನ್ನೆ ಮರದ ಹಿಂದೆ ಹೋಗಿ ವಾಂತಿ ಮಾಡಿದೆ, ನಾನು ನೋಡ್ದೆ. ಅಬ್ಬಾನ ಕೇಳ್ದೆ. ಬಸುರಿಗೆ ಉಪವಾಸ ಇಲ್ಲ, ತಿನ್ಲಿ ಅಂದ್ರು. ಆ ಮೊಟ್ಟೆ ನಿಂದು ಕಣೇ."

ಯೆಶಿಮೆಬೆತ್ ಅಲ್ಲೇ ಮರದ ಬೇರಿನ ಮೇಲೆ ಕೂತಳು. ನಾಚಿಕೆಯೋ, ಭಯವೋ, ಸಂತೋಷವೋ, ಮೂರೂ ಒಟ್ಟಿಗೇ ನುಗ್ಗಿ ಬಂದಿದ್ದವು.

"ಯಾಕೆ ಮೊದಲೇ ಹೇಳ್ಲಿಲ್ಲ?"

"ಹೇಳಿ ಸುಳ್ಳಾಗಿದ್ರೆ? ನೀನು ಎರಡು ಸಲ ಅತ್ತಿದ್ದು ನೋಡಿದೀನಿ. ಖಾತ್ರಿ ಆಗ್ಲಿ ಅಂತ ಕಾಯ್ತಾ ಇದ್ದೆ. ತಲೆ ತಿರುಗಿ ಬಿದ್ರೆ ಹಿಡ್ಕೊಳ್ಳೋಣ ಅಂತ ಬೆನ್ನ ಹಿಂದೇನೇ ಓಡ್ತಾ ಇದ್ದೆ."

"ಇಷ್ಟು ಓಡಿದೀನಲ್ಲೇ... ಉಳ್ಕೊಂಡಿರತ್ತಾ?"

ಸಿಗೆರೆದಾ ಪಕ್ಕದಲ್ಲಿ ಕೂತು, ಗೆಳತಿಯ ಕೈಯಿಂದ ಮೊಟ್ಟೆ ತೆಗೆದುಕೊಂಡು ಸಿಪ್ಪೆ ಬಿಡಿಸಿದಳು.

"ಈಗಲೇ ಆಸ್ಪತ್ರೆಗೆ ಹೋಗಿ ಕೇಳೋಣ. ಓಡ್ಕೊಂಡಲ್ಲ, ನಡ್ಕೊಂಡು. ಮೊದಲು ತಿನ್ನು."

ಮರಗಳಾಚೆ ದಾರಿಯಲ್ಲಿ ಗಾಶೆ ಮೊಲ್ಲಾ ಸಾಲನ್ನು ಮುಂದಕ್ಕೆ ಕಳಿಸುತ್ತಿದ್ದ ಸದ್ದು ಕೇಳಿತು. ಯೆಶಿಮೆಬೆತ್ ಕಣ್ಣೀರಿನ ನಡುವೆಯೇ ಮೊಟ್ಟೆಯನ್ನು ಎರಡು ಮಾಡಿ, ದೊಡ್ಡ ಹೋಳನ್ನು ಗೆಳತಿಯ ಬಾಯಿಯ ಹತ್ತಿರ ಹಿಡಿದಳು.

ಸಿಗೆರೆದಾ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಬೇಡ ಕಣೇ. ನಂದು ಉಪವಾಸ."