ಎರಡೂ ಎಡತೋಳು

ತಲೆಯ ಸ್ಕ್ಯಾನ್ ಮಾಡಿಸಬೇಕೆಂದರೆ ಅಮ್ಮನ ಅಂಗಡಿಯ ಮೂರು ಹೊಲಿಗೆ ಯಂತ್ರಗಳಲ್ಲಿ ಎರಡನ್ನು ಮಾರಬೇಕು. ಬೆನ್ನುಮೂಳೆಯಿಂದ ನೀರು ತೆಗೆಸುವುದಕ್ಕೆ ಒಂದು ಸಾಕು, ಆದರೆ ಅಮ್ಮ ಜಪ್ಪಯ್ಯ ಅಂದರೂ ಒಪ್ಪುವವಳಲ್ಲ. ರಕ್ತ ಪರೀಕ್ಷೆಗಾದರೆ ಮೂರು ಕೋಟು ಹೊಲಿದ ಕೂಲಿ. ಮರೆವಿನ ಕಾಯಿಲೆ ಇದ್ದರೆ ಮಿದುಳಲ್ಲಿ ಕೆಟ್ಟ ಪ್ರೋಟೀನಿನ ಚೂರು ರಕ್ತಕ್ಕೂ ಇಳಿಯುತ್ತದೆ, ಅದನ್ನೇ ಅಳೆಯುತ್ತಾರೆ. ಅಣ್ಣ ಅದನ್ನು ಆರಿಸಿದ.

ಪರೀಕ್ಷೆಗೆ ಕಾರಣ ಇಷ್ಟೇ. ಒಬ್ಬ ಗಿರಾಕಿಯ ಕಪ್ಪು ಕೋಟಿಗೆ ಅಮ್ಮ ಎರಡೂ ಎಡತೋಳು ಕತ್ತರಿಸಿದ್ದಳು. ಬಟ್ಟೆಯ ದಂಡ ತೆತ್ತು ಮತ್ತೆ ಕತ್ತರಿಸಿದಾಗಲೂ ಎರಡೂ ಎಡವೇ.

"ಆತನಿಗೆ ಬಲಗೈ ಇಲ್ಲ ಅಂದ್ಕೊಂಡ್ಯಾ?" ಅಂದ ಅಣ್ಣ.

"ನಿನ್ನ ಮದುವೆ ಕೋಟು ಹೊಲಿಯೋವಾಗ ನಿನಗೆ ತಲೆ ಇಲ್ಲ ಅಂತ ಗೊತ್ತಿತ್ತು. ಆದ್ರೂ ಕಾಲರ್ ಇಟ್ಟೆ ಕಣೋ."

ಅಣ್ಣ ನಗಲಿಲ್ಲ. "ರಿಪೋರ್ಟ್ ಕೆಟ್ಟು ಬಂದ್ರೆ ಅಂಗಡಿಗೆ ಬೀಗ. ಇಸ್ತ್ರಿಪೆಟ್ಟಿಗೆ ಆರಿಸೋದು ಮರೆತ್ರೆ ಬೀದಿಗೆ ಬೀದಿಯೇ ಸುಟ್ಟುಹೋಗುತ್ತೆ."

ಅವನದು ದುಷ್ಟತನವಲ್ಲ, ಹೆದರಿಕೆ. ಅಪ್ಪ ಇದೇ ಕಾಯಿಲೆಯಲ್ಲಿ ಅರವತ್ತು ತುಂಬುವ ಮೊದಲೇ ಮಕ್ಕಳನ್ನು ಮರೆತು ಸತ್ತದ್ದನ್ನು ಕಂಡವನು.

ತಂಗಿಯ ಕೆಲಸವೇ ಲ್ಯಾಬಿನಲ್ಲಿ ರಕ್ತ ತೆಗೆಯುವುದು. ಮನೆಯಲ್ಲೇ ಅಮ್ಮನ ತೋಳಿಗೆ ಪಟ್ಟಿ ಬಿಗಿದಳು.

"ಜೀವನವಿಡೀ ಸೂಜಿ ಹಿಡಿದವಳಿಗೆ ಸೂಜಿ ತೋರಿಸ್ತೀಯಾ?" ಅಂದಳು ಅಮ್ಮ. ಟ್ಯೂಬು ತುಂಬಿದ ಮೇಲೆ ದನಿ ತಗ್ಗಿತು. "ಅಂಗಡಿ ಹೋದ್ರೆ ನಾನು ಕೂತಲ್ಲೇ ಕೊಳೀತೀನಿ ಮಗಳೇ."

ಆ ಮಾತು ತಂಗಿಯ ಕರುಳಿಗೆ ಚುಚ್ಚಿತು. ಲ್ಯಾಬಿಗೆ ಹೋದವಳೇ ಅಮ್ಮನ ಟ್ಯೂಬನ್ನು ಕಸಕ್ಕೆ ಹಾಕಿ, ತನ್ನ ತೋಳಿನಿಂದ ರಕ್ತ ತೆಗೆದು, ಅಮ್ಮನ ಹೆಸರಿನ ಚೀಟಿ ಅಂಟಿಸಿದಳು. ನಲವತ್ತೆಂಟರ ಗಟ್ಟಿ ಮೈ, ತನ್ನ ರಕ್ತದ ಮೇಲೆ ಅನುಮಾನವೇ ಇರಲಿಲ್ಲ. ಇತ್ತೀಚೆಗೆ ಎಷ್ಟೋ ಮಾತು ನಾಲಿಗೆ ತುದಿಗೆ ಬಂದು ನಿಲ್ಲುತ್ತಿದ್ದವು. ಸುಸ್ತು ಅಂದುಕೊಂಡಿದ್ದಳು.

ವಾರ ಕಳೆದು ಡಾಕ್ಟರ ಕೋಣೆಯಲ್ಲಿ ಮೂವರೂ ಕೂತರು.

"ಪ್ರೋಟೀನ್ ಬಹಳ ಏರಿದೆ," ಅಂದರು ಡಾಕ್ಟರು. "ಇದೊಂದರಿಂದಲೇ ಹೇಳೋಕಾಗಲ್ಲ. ಆದರೆ ಲಕ್ಷಣಾನೂ ಇದೆಯಲ್ಲ."

ಅಣ್ಣ ಕಣ್ಣೊರೆಸಿಕೊಂಡು ಅಮ್ಮನೆದುರು ಕೈ ಚಾಚಿದ. ಅಮ್ಮ ಸೊಂಟದಿಂದ ಅಂಗಡಿಯ ಬೀಗದಕೈ ಬಿಚ್ಚಿ ಕೊಟ್ಟಳು. ಬಾಯಿ ಜೋರಿನ ಹೆಂಗಸು ಒಂದು ಕುಹಕವನ್ನೂ ಆಡಲಿಲ್ಲ.

ತಂಗಿಗೆ ಅದನ್ನು ನೋಡಲಾಗಲಿಲ್ಲ. "ಅದು ಅಮ್ಮನ ರಕ್ತ ಅಲ್ಲ. ನನ್ನದು."

"ಅಮ್ಮನ್ನ ಉಳಿಸೋಕೆ ಏನೇನೋ ಹೇಳ್ಬೇಡ!" ಅಂದ ಅಣ್ಣ.

ಅವಳು ಅಂಗಿಯ ತೋಳು ಮೇಲೆ ಸರಿಸಿದಳು. ಮೊಣಕೈ ಮಡಿಕೆಯಲ್ಲಿ ಇನ್ನೂ ಹಳದಿ ಕಲೆ. ತನಗೆ ತಾನೇ ಒಂದೇ ಕೈಯಲ್ಲಿ ಚುಚ್ಚಿಕೊಂಡದ್ದು, ನರ ಸ್ವಲ್ಪ ತಪ್ಪಿತ್ತು.

ಡಾಕ್ಟರು ಇಬ್ಬರ ರಕ್ತವನ್ನೂ ಬೇರೆ ಕಡೆ ಪರೀಕ್ಷೆಗೆ ಕಳಿಸಿದರು. ಅಮ್ಮನದು ಶುದ್ಧ. ಅವಳಿಗಿದ್ದದ್ದು ಕಣ್ಣಿನ ಪೊರೆ. ಕಪ್ಪು ಬಟ್ಟೆಯ ಒಳಮೈ ಯಾವುದು ಹೊರಮೈ ಯಾವುದು ಕಾಣದೆ ಅಂದಾಜಿನಲ್ಲಿ ಕತ್ತರಿ ಓಡಿಸಿದ್ದಳು. ಕಣ್ಣು ಕಾಣಲ್ಲ ಅನ್ನುವುದಕ್ಕೆ ಜಂಭ ಅಡ್ಡ ಬಂದಿತ್ತು. ಮಗಳದು ಮತ್ತೆ ಮೊದಲಿನಷ್ಟೇ ಹೆಚ್ಚು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು: ಅಪ್ಪನ ಕಾಯಿಲೆ ಮಗಳಿಗೆ ಇಳಿದಿದೆ.

ಅಣ್ಣನ ರಕ್ತದ ಮಾತು ಯಾರೂ ಎತ್ತುವುದಿಲ್ಲ. ಅವನೂ ಎತ್ತುವುದಿಲ್ಲ.

ಚೀಟಿ ಬದಲಿಸಿದವಳನ್ನು ಲ್ಯಾಬಿನವರು ಇಟ್ಟುಕೊಳ್ಳಲಿಲ್ಲ. ಈಗ ಅವಳು ಅಂಗಡಿಯಲ್ಲಿ ತೋಳು ಜೋಡಿಸುತ್ತಾಳೆ. ಪೊರೆ ತೆಗೆಸಿಕೊಂಡ ಅಮ್ಮ ಪ್ರತಿ ಎಡತೋಳಿಗೂ ಒಂದು ಕೆಂಪು ದಾರ ಹಾಕಿಟ್ಟಿರುತ್ತಾಳೆ, ಮಗಳಿಗೆ ಗೊತ್ತಾಗಲೆಂದು.

ಅಮ್ಮನಿಗೆ ಅಂಗಡಿ ಉಳಿಯಿತು. ಮಗಳಿಗೆ ಕೆಲಸ ಹೋಯಿತು, ಮುಂದೆ ಅಮ್ಮನ ಮುಖದ ನೆನಪೂ ಹೋಗುತ್ತದೆ.