ಹೆಡ್‌ಲೈಟಿನ ಹಿಂದಿನ ಹಸಿರು

ಶುಕ್ರವಾರ ಬೆಳಿಗ್ಗೆ ಮುಳಬಾಗಿಲಿನ ಬಣ್ಣದಂಗಡಿಯ ಮುಂದೆ ಮುನಿಲಕ್ಷ್ಮಿ ತನ್ನ ಟ್ರ್ಯಾಕ್ಟರನ್ನು ತಾನೇ ಓಡಿಸಿಕೊಂಡು ಬಂದು ನಿಲ್ಲಿಸಿದಳು. ದೇವರಾಯಸಮುದ್ರದ ಹುಣಸೆಮರದ ಕೆಳಗೆ ಹನ್ನೆರಡು ವರ್ಷ ತುಕ್ಕು ಹಿಡಿಯುತ್ತ ನಿಂತಿದ್ದ ಗಾಡಿ ಅದು. ಗುಜರಿಗೆ ಹೊರಟಿದ್ದುದನ್ನು ಬಿಡಿಸಿಕೊಂಡು, ವರ್ಷವಿಡೀ ಕೂತು, ಎಂಜಿನ್ನಿಗೆ ಅವಳೇ ಜೀವ ತುಂಬಿದ್ದಳು. ಭಾನುವಾರ ಕೋಲಾರದಲ್ಲಿ ಹಳೇ ಟ್ರ್ಯಾಕ್ಟರುಗಳ ಮೆರವಣಿಗೆ. ಕಾರ್ಖಾನೆಯಿಂದ ಬಂದಾಗ ಇದ್ದ ಬಣ್ಣವೇ ಇರಬೇಕೆಂಬುದು ಅಲ್ಲಿಯ ಷರತ್ತು.

“ಯಾವ್ ಬಣ್ಣ ಅಂತ ಯಾರ್ಗೂ ಗೊತ್ತಿಲ್ಲ ರುಮಾನಾ. ಕಂಪನಿನೇ ಮುಚ್ಚೋಗಿದೆ. ನೀನೇ ಕಂಡುಹಿಡೀಬೇಕು ಕಣೇ.”

ರುಮಾನಾಳ ಕಣ್ಣು ಅರಳಿತು. ಅಪ್ಪನ ಅಂಗಡಿಯಲ್ಲಿ ಪಟ್ಟಿ ನೋಡಿ, ಯಂತ್ರದ ಗುಂಡಿ ಒತ್ತಿ ಬಣ್ಣ ಕೊಡುವುದು ಅವಳಿಗೆ ಸಾಕಾಗಿಹೋಗಿತ್ತು. ಬ್ಲೇಡ್ ಹಿಡಿದು ಬಾನೆಟ್ ಕೆರೆದಳು. ಕೆಂಪು, ಅದರಡಿ ನೀಲಿ, ಎರಡೂ ಆಮೇಲೆ ಬ್ರಷ್ಷಿನಲ್ಲಿ ಬಳಿದವು; ಅದರಡಿ ಬರೀ ತುಕ್ಕು. ಮಡ್‌ಗಾರ್ಡಿನಲ್ಲೂ ಅದೇ ಕತೆ. ಬಿಸಿಲು, ಮಳೆ, ಬ್ರಷ್ಷು ಯಾವುದೂ ಮುಟ್ಟದ ಜಾಗ ಬೇಕಿತ್ತು. ಸ್ಕ್ರೂಡ್ರೈವರ್ ತಂದು ಹೆಡ್‌ಲೈಟ್ ಬಿಚ್ಚಿದಳು. ಬಳೆಯಗಲದ ಮಣ್ಣನ್ನು ಸೀಮೆಎಣ್ಣೆಯಲ್ಲಿ ಒರೆಸಿದಾಗ ಇಣುಕಿತು ಹಸಿರು! ಬಲಿತ ಮಾವಿನಕಾಯಿಯ, ಬೂದಿ ಕವಿದಂಥ ಹಸಿರು.

“ಅಬ್ಬಾ! ಇದಾ ನಿನ್ ಬಣ್ಣ?” ಮುನಿಲಕ್ಷ್ಮಿ ಗಾಡಿಯನ್ನೇ ಕೇಳಿದಳು.

ಸಿಕ್ಕಿದ ಬಣ್ಣವನ್ನು ಡಬ್ಬಿಗಿಳಿಸುವುದೇ ಕಷ್ಟವಾಯಿತು. ಹಸಿರಿಗೆ ಹಳದಿ, ಬಿಳಿ ಬೆರೆಸಿದರೆ ಆಟಿಕೆಯಂತೆ ಮಿನುಗಿತು. ಒಳಗಿಂದ ಅಪ್ಪ ಮುಖ್ತಿಯಾರ್, “ಕಪ್ಪು ಹಾಕ್ ಬೇಟಿ,” ಎಂದರು. ಹಾಕಿದಳು, ಕೊಳೆಯಾಯಿತು. ಚೆಲ್ಲಿ ಮತ್ತೆ ಶುರುಮಾಡಿದಳು. ಹಸಿಯಿದ್ದಾಗ ಹಳೇ ಹಸಿರಿಗೆ ಹೊಂದಿದ್ದು ಒಣಗಿದಾಗ ಬೇರೆಯಾಗುತ್ತಿತ್ತು. ಊಟ ಮರೆತು ಹೋಯಿತು. ಒಂಬತ್ತನೇ ಸಲ, ಕಪ್ಪಿನ ಬದಲು ಕಡ್ಡಿಯ ತುದಿಯಿಂದ ಕೆಂಪು ತೊಟ್ಟಿಕ್ಕಿಸಿದಳು. ಹಸಿರಿನ ಕಣ್ಣು ಕುಕ್ಕುವ ಗುಣ ಹಾಗೇ ತಣಿಯಿತು. ಹೆಡ್‌ಲೈಟಿನ ಹಿಂದಿನ ಹಳೇ ಹಸಿರಿನ ಮೇಲೆ ಒಂದು ಚುಕ್ಕೆ ಇಟ್ಟು, ಇಬ್ಬರೂ ಉಸಿರು ಹಿಡಿದು ಕಾದರು.

ಒಣಗಿದ ಮೇಲೆ ಚುಕ್ಕೆ ಕಾಣಲೇ ಇಲ್ಲ.

“ಎಲ್ಲಿಟ್ಟೇ?” ಎಂದಳು ಮುನಿಲಕ್ಷ್ಮಿ.

“ನಂಗೂ ಗೊತ್ತಾಗ್ತಿಲ್ಲ!” ಎಂದು ರುಮಾನಾ ಕೂಗಿದಳು. ಇಬ್ಬರೂ ಕೈ ಹಿಡಿದು ರಸ್ತೆಯಲ್ಲೇ ಕುಣಿದುಬಿಟ್ಟರು. ಬೈರಕೂರಿನ ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಬಗ್ಗಿ ನೋಡಿದರು.

ಶನಿವಾರವಿಡೀ ಕೆರೆದು, ಉಜ್ಜಿ, ಬಣ್ಣ ಹೊಡೆದರು. ಭಾನುವಾರ ಕೋಲಾರದ ಮೈದಾನದಲ್ಲಿ ತಾಯಲೂರಿನ ಮುದುಕ ಚನ್ನರಾಯಪ್ಪ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತುಬಿಟ್ಟರು. ಹರೆಯದಲ್ಲಿ ಅಂಥದೇ ಗಾಡಿ ಓಡಿಸಿದವರು.

“ಇದೇ ಕಣಮ್ಮ. ಇದೇ ಹಸಿರು. ಇದ್ನ ನೋಡಿ ಐವತ್ ವರ್ಷ ಆಯ್ತು. ಯಾರ್ ಹೇಳ್ಕೊಟ್ರು ನಿಂಗೆ?”

ರುಮಾನಾ ಹೆಡ್‌ಲೈಟಿನತ್ತ ಬೆರಳು ತೋರಿಸಿದಳು. ಅಷ್ಟರಲ್ಲೇ ಶ್ರೀನಿವಾಸಪುರದವರೊಬ್ಬರು ತಮ್ಮ ಗಾಡಿಯನ್ನೂ ನೋಡೆಂದು ಅವಳ ತೋಳು ಹಿಡಿದು ಎಳೆಯುತ್ತಿದ್ದರು. ಅವಳು ಆಗಲೇ ಚೀಲದಲ್ಲಿ ಸ್ಕ್ರೂಡ್ರೈವರಿಗಾಗಿ ತಡಕಾಡುತ್ತಿದ್ದಳು.