ಫಸೀಲಾಳ ಹೆಸರು

ಲೇಖನದ ತಲೆಯಲ್ಲಿ ಮೊದಲಿದ್ದ ಫಸೀಲಾಳ ಹೆಸರಿನ ಮೇಲೆ ಸರ್ವೋತ್ತಮ ಸರ್ ಕೆಂಪು ಪೆನ್ನಿನಿಂದ ಗೆರೆ ಎಳೆದರು. ಅಲ್ಲಿ ತಮ್ಮ ಹೆಸರು ಬರೆದು ಕಾಗದವನ್ನು ತೃಪ್ತಿಯ ಮುಂದೆ ತಳ್ಳಿದರು.

"ಈಗ ಸರಿಯಾಯ್ತು. ಕಳಿಸು."

ಪುತ್ತೂರಿನ ಆ ಕಾಲೇಜಿನಲ್ಲಿ ತೃಪ್ತಿ ಮತ್ತು ಫಸೀಲಾ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದರು, ಸರ್ವೋತ್ತಮ ಸರ್ ವಿಭಾಗದ ಮುಖ್ಯಸ್ಥರು. ಲೇಖನ ಮುಜಂಟಿಯದ್ದು, ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟುವ, ಕುಟುಕದ ಪುಟ್ಟ ಜೇನು. ಸುಬ್ರಹ್ಮಣ್ಯದ ಒಂದು ಲಾಡ್ಜಿಗೆ ಪೈಂಟ್ ಹೊಡೆಯುತ್ತಿದ್ದಾಗ ಮುಜಂಟಿಗಳು ಹಸಿ ನೀಲಿ ಬಣ್ಣವನ್ನು ಹಿಂಗಾಲಿನಲ್ಲಿ ಉಂಡೆಕಟ್ಟಿ ಹೊತ್ತೊಯ್ಯುವುದನ್ನು ಮೊದಲು ಕಂಡವಳು ಫಸೀಲಾ. ಮರದ ಅಂಟಿನ ಬದಲು ಅದನ್ನೇ ಮೆತ್ತಿದ್ದರಿಂದ ಗೂಡಿನ ಬಾಯಿಯ ಕೊಳವೆಯೇ ನೀಲಿಯಾಗಿತ್ತು. ಆಮೇಲೆ ಭಾನುವಾರ ಬಂದರೆ ಇಬ್ಬರೂ ಬಸ್ಸು ಹತ್ತಿ ಲಾಡ್ಜು, ಅಂಗಡಿಗಳ ಗೋಡೆ ಹುಡುಕುತ್ತಿದ್ದರು. ಸರ್ ಒಮ್ಮೆಯೂ ಬರಲಿಲ್ಲ. "ಜೇನು ನೋಡ್ಲಿಕ್ಕೆ ಅಷ್ಟು ದೂರ ಹೋಗುದಾ?" ಎಂದು ನಕ್ಕಿದ್ದರು.

ಬರೆಯಲು ಕಲಿಸಿದವರು ಬೇರೆ. ಕೀಟಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳ ಮೊದಲ ಲೇಖನಕ್ಕೆ ನೆರವಾಗುವ ಆನ್‌ಲೈನ್ ತಂಡವೊಂದಕ್ಕೆ ಇಬ್ಬರೂ ಸೇರಿದ್ದರು. ಅಲ್ಲಿ ಸಿಕ್ಕಿದ ಮಾರ್ಗದರ್ಶಕಿ ಸುಳ್ಯದ ಡಾ. ಚಿನ್ಮಯೀ. "'ತುಂಬ ಜೇನು' ಅಂದ್ರೆ ಎಷ್ಟು? ಅದು ಬಣ್ಣವೇ ಅಂತ ಹೇಗೆ ಗೊತ್ತಾಯ್ತು?" ಎಂದು ವಾಕ್ಯಕ್ಕೊಂದು ಪ್ರಶ್ನೆ ಹಾಕುತ್ತಿದ್ದರು. ಮಳೆಗಾಲವಿಡೀ ತಿದ್ದಿ, ಒಮ್ಮೆ ಅತ್ತೂ ಬಿಟ್ಟು, ಲೇಖನ ಒಂದು ಹದಕ್ಕೆ ಬಂದಿತ್ತು.

"ಸರ್, ಫಸೀಲಾ ಅಲ್ವಾ ಮೊದಲು ನೋಡಿದ್ದು?" ಎಂದಳು ತೃಪ್ತಿ.

"ನೋಡುದು ಯಾರಾದ್ರೂ ನೋಡ್ತಾರೆ ಮಾರಾಯ್ತಿ. ಎರಡು ಪುಟಕ್ಕೆ ಮೂರು ಹೆಸರು ಎಂತಕ್ಕೆ? ನಿನ್ನದು ಉಂಟಲ್ಲ? ನಾಳೆ ಪಿಎಚ್.ಡಿ.ಗೆ ನನ್ನ ಶಿಫಾರಸು ಬೇಡ್ವಾ ನಿನಗೆ?"

ತೃಪ್ತಿಯ ಕಿವಿ ಬಿಸಿಯಾಯಿತು. ಕಾಗದ ಎತ್ತಿಕೊಂಡು ಹೊರಬಂದಳು. ವರಾಂಡದಲ್ಲಿ ನಿಂತಿದ್ದ ಫಸೀಲಾ ಗೆರೆ ನೋಡಿದಳು.

"ಬಿಡು. ನಾನು ಹೇಗೂ ಬಿ.ಎಡ್. ಮಾಡುದಲ್ವಾ? ನನ್ನಿಂದಾಗಿ ನಿನ್ನದು ಹಾಳಾಗುದು ಬೇಡ."

ಸರ್ ಮೇಲಿನ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. "ನಿನಗೆ ಬೇಡದಿದ್ರೆ ಬಿಸಾಡು, ಅವರಿಗೆ ಯಾಕೆ ಕೊಡುದು? ನೀನು ಹೀಗೆ ಬಿಡ್ತಿ ಅಂತ ಗೊತ್ತಿದ್ದೇ ಅವರು ನಿನ್ನ ಹೆಸರಿಗೆ ಗೆರೆ ಹಾಕಿದ್ದು!"

ಬಸ್‌ಸ್ಟ್ಯಾಂಡಿಗೆ ಬಂದವಳೇ ತೃಪ್ತಿ ಚಿನ್ಮಯೀಗೆ ಕರೆ ಮಾಡಿದಳು.

ಚಿನ್ಮಯೀ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡರು. "ಮಾಡದವರ ಹೆಸರು ಹಾಕುದು ಸುಳ್ಳು. ಮಾಡಿದವರದ್ದು ತೆಗೆಯುದು ಕಳ್ಳತನ. ನನ್ನ ಹೆಸರೂ ಲೇಖಕರ ಸಾಲಿನಲ್ಲಿ ಬೇಡ, ಕೊನೆಗೆ ಒಂದು ಕೃತಜ್ಞತೆ ಸಾಕು. ಆದ್ರೆ ಅವರು ನಿಮಗೆ ತೊಂದರೆ ಕೊಡಬಹುದು. ಯೋಚನೆ ಮಾಡಿ."

ತೃಪ್ತಿ ಯೋಚಿಸಲಿಲ್ಲ. ಲೇಖನದಲ್ಲಿ ತಮ್ಮಿಬ್ಬರ ಹೆಸರು ಮಾತ್ರ ಇರುತ್ತದೆ ಎಂದು ಮರುದಿನವೇ ಸರ್‌ಗೆ ಹೇಳಿಬಿಟ್ಟಳು. "ಹಾಗಾದ್ರೆ ಕಾಲೇಜಿನ ಹೆಸರು ಹಾಕ್ಬೇಡಿ," ಎಂದು ಅವರು ಬಾಗಿಲು ತೋರಿಸಿದರು. ಹುಡುಗಿಯರು ಕಾಲೇಜಿನ ಬದಲು ಕಡಬ, ನೆಲ್ಯಾಡಿಯ ತಂತಮ್ಮ ಮನೆ ವಿಳಾಸ ಹಾಕಿ ಸಂಶೋಧನಾ ಪತ್ರಿಕೆಗೆ ಕಳಿಸಿದರು.

ಲೇಖನ ಅಚ್ಚಾಯಿತು. ಮುಂದಿನ ವಾರ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬಂತು: 'ಪ್ರೊ. ಸರ್ವೋತ್ತಮ ಅವರ ಮಾರ್ಗದರ್ಶನದಲ್ಲಿ ನಮ್ಮ ವಿದ್ಯಾರ್ಥಿನಿಯ ಸಾಧನೆ.' ಸರ್ ಫೋಟೊ ದೊಡ್ಡದು, ಮೂಲೆಯಲ್ಲಿ ತೃಪ್ತಿಯದು. ಫಸೀಲಾ ಇಲ್ಲವೇ ಇಲ್ಲ.

ತೃಪ್ತಿ ಬಾಯಿ ತೆರೆಯುವ ಮೊದಲೇ ಫಸೀಲಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದ್ದಳು. ಸರ್ವೋತ್ತಮ ಸರ್ ಅಲ್ಲೇ ಕೂತಿದ್ದರು.

"ಆ ಫ್ಲೆಕ್ಸ್ ತೆಗೆಸಿ ಸರ್."

"ಎಂತಕ್ಕಮ್ಮ? ಕಾಲೇಜಿಗೇ ಹೆಮ್ಮೆಯಲ್ವಾ?" ಎಂದರು ಪ್ರಿನ್ಸಿಪಾಲರು.

"ಕಾಲೇಜಿನ ಹೆಸರು ಬೇಡ ಅಂದವರು ಇವರು. ನನ್ನ ಹೆಸರಿಗೆ ಗೆರೆ ಹಾಕಿದವರೂ ಇವರೇ. ಒಂದು ದಿನ ಆದ್ರೂ ನಮ್ಮ ಜೊತೆ ಬಂದದ್ದು ಉಂಟಾ, ಕೇಳಿ."

"ಈಗಿನ ಮಕ್ಕಳಿಗೆ ಗುರು ಅಂದ್ರೆ ಗೌರವವೇ ಇಲ್ಲ," ಎಂದು ಸರ್ವೋತ್ತಮ ಸರ್ ಗೊಣಗಿದರು. ಬಂದದ್ದುಂಟು ಎಂದು ಮಾತ್ರ ಹೇಳಲಿಲ್ಲ.

ಸಂಜೆಯೊಳಗೆ ಫ್ಲೆಕ್ಸ್ ಇಳಿಯಿತು. ಯಾರೂ ಕ್ಷಮೆ ಕೇಳಲಿಲ್ಲ. ತೃಪ್ತಿಗೆ ಸರ್ ಶಿಫಾರಸು ಪತ್ರ ಕೊಡಲಿಲ್ಲ, ಚಿನ್ಮಯೀ ಬರೆದುಕೊಟ್ಟರು. ಫಸೀಲಾ ಬಿ.ಎಡ್.ಗೇ ಅರ್ಜಿ ಹಾಕಿದಳು. ಸರ್ ಅದೇ ಕುರ್ಚಿಯಲ್ಲಿ ಮುಂದುವರಿದರು. ಅದನ್ನು ನೆನೆದಾಗಲೆಲ್ಲ ತೃಪ್ತಿಗೆ ಮೈ ಉರಿಯುತ್ತಿತ್ತು.

ಕಾಲೇಜು ಬಿಡುವ ವಾರ ಕಿರಿಯ ವಿದ್ಯಾರ್ಥಿನಿ ಗಾನಶ್ರೀ ಬಂದು, ತನ್ನ ಲೇಖನಕ್ಕೂ ಸರ್ ತಮ್ಮ ಹೆಸರು ಸೇರಿಸಲು ಹೇಳಿದ್ದಾರೆ ಎಂದಳು. "ಎಂತ ಮಾಡುದು ಅಕ್ಕ?"

"ಮೊದಲು ಲೇಖನ ತಾ ಇಲ್ಲಿ," ಎಂದಳು ತೃಪ್ತಿ. ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದಳು.